ಪರರ ಪರವಾಗಿ ಸೈತಾನನನ್ನು ತ್ಯಜಿಸುವುದು

ಬೇರೆಯವರ ಪರವಾಗಿ ಸೈತಾನನನ್ನು ತ್ಯಜಿಸುವುದರಲ್ಲಿ ನನ್ನಷ್ಟು ಪಳಗಿದವರು ಚೆನ್ನೈನ ಕನ್ನಡ ಕಥೋಲಿಕರಲ್ಲಿ ಅಪರೂಪ. ನಾವಿಲ್ಲಿ ಇರುವುದೇ ಕೆಲವು ಮನೆ. ಯಾರ ಮನೆಯಲ್ಲಿ ತೊಟ್ಟಿಲು ತೂಗಿದರೂ ಜ್ಞಾನತಾಯಿಯಾಗಲು, ಎಂದರೆ ಕೂಸಿನ ವಿಶ್ವಾಸಕ್ಕೆ ಹೊಣೆಯಾಗಿ ನಿಲ್ಲಲು, ನನಗೇ ಕರೆ ಬರುತ್ತದೆ. ಕೂಸನ್ನು ಧರ್ಮಸಭೆಗೆ ಸೇರಿಸಿಕೊಳ್ಳುವ ಜ್ಞಾನಸ್ನಾನದ ವೇಳೆ ಗುರುಗಳು, "ಸೈತಾನನನ್ನು ತ್ಯಜಿಸುವಿರಾ?" ಎಂದು ಕೇಳುತ್ತಾರೆ. ಕೂಸು ಹಾಲು ಕುಡಿದ ಮಂಪರಿನಲ್ಲಿರುತ್ತದೆ. "ತ್ಯಜಿಸುತ್ತೇನೆ" ಎಂದು ನಾನು ಗಟ್ಟಿಯಾಗಿ ಉತ್ತರಿಸುತ್ತೇನೆ. ಅದು ಹೆತ್ತವರೂ ಜ್ಞಾನತಾಯಿಯೂ ತಮ್ಮ ಸ್ವಂತ ವಿಶ್ವಾಸವನ್ನು ಸಾರುವ ಮಾತೆಂದು ಬಲ್ಲವರು ತಿದ್ದುತ್ತಾರೆ. ನನಗೆ ಮಾತ್ರ ಅದು ಎಂದಿನಿಂದಲೂ ವಕಾಲತ್ತು. ಅಷ್ಟು ಸುಲಭವಾದ ಹೋರಾಟ ಬೇರೊಂದಿಲ್ಲ: ಎದುರಾಳಿ ಕಣ್ಣಿಗೆ ಬೀಳುವುದಿಲ್ಲ, ಕಕ್ಷಿದಾರ ತಕರಾರು ತೆಗೆಯುವುದಿಲ್ಲ.

ಈ ಅಭ್ಯಾಸ ನನ್ನೊಡನೆ ಕಚೇರಿಗೂ ಬಂದಿತ್ತು. ನುಂಗಂಬಾಕ್ಕಂನಲ್ಲಿರುವ ನಮ್ಮ ಕಟ್ಟಡ ವಿನ್ಯಾಸದ ಸಂಸ್ಥೆಯಲ್ಲಿ, ಹೊಸ ಎಂಜಿನಿಯರುಗಳನ್ನು ತಿದ್ದಿ ಬೆಳೆಸಲು ಹಿರಿಯರೊಬ್ಬರನ್ನು ಮೆಂಟರ್ ಎಂದು ನೇಮಿಸುವ ಪದ್ಧತಿಯಿದೆ. ನನ್ನ ಪಾಲಿಗೆ ಬಂದವಳು ಸ್ಟೆಲ್ಲಾ. ಹೆತ್ತವರು ಮೈಸೂರಿನ ಕಡೆಯವರು, ನಮ್ಮ ಆ ಕೆಲವು ಮನೆಗಳಲ್ಲಿ ಒಂದರವರು. ಅವಳು ಹುಟ್ಟಿ ಬೆಳೆದದ್ದು ಮಾಧವರಂನಲ್ಲಿ. ಕನ್ನಡದ ಪ್ರಶ್ನೆಗೆ ಅವಳ ಉತ್ತರದಲ್ಲಿ ತಮಿಳು ತಾನಾಗಿ ಬೆರೆತಿರುತ್ತದೆ. ಅವಳಿಗೆ ಬೇಕಾಗಿದ್ದುದು ತಿರುವೊಟ್ಟಿಯೂರಿನಲ್ಲಿ ಮೇಲೇಳುತ್ತಿದ್ದ ಕಾರ್ಖಾನೆಯ ಸೈಟಿನ ಕೆಲಸ. ಸೈಟಿನ ಧೂಳು ಕುಡಿಯದ ಎಂಜಿನಿಯರು ನಿವೃತ್ತಿಯವರೆಗೂ ಕಂಪ್ಯೂಟರಿನ ಮುಂದೆ ಗೆರೆ ಎಳೆಯುತ್ತ ಕೂರಬೇಕಾಗುತ್ತದೆ. ನಮ್ಮಲ್ಲಿ ಹಾಗೆ ಕೂತವರೆಲ್ಲರೂ ಹೆಂಗಸರೇ.

ಇದು ಅನ್ಯಾಯ. ಅನ್ಯಾಯ ಕಂಡಲ್ಲಿ ಅದನ್ನು ಹೆಸರಿಟ್ಟು ಕರೆಯಬೇಕೆಂದು ನಾನು ಕಲಿತ ಶಾಲೆ ಹೇಳಿಕೊಟ್ಟಿತ್ತು. ಎಲ್ಲಿ ನಿಲ್ಲಿಸಬೇಕೆಂಬುದು ಪಠ್ಯದಲ್ಲಿರಲಿಲ್ಲ. ನಿರ್ದೇಶಕರ ಮುಂದೆ ಸ್ಟೆಲ್ಲಾಳ ಹೆಸರು ಬಂದೊಡನೆ ನಾನು ಎದ್ದು ನಿಂತೆ. ಸೈಟಿನಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ, ಸಂಜೆ ಮನೆ ಮುಟ್ಟಿಸಲು ವಾಹನವಿಲ್ಲ, ಗುತ್ತಿಗೆದಾರನ ನಾಲಿಗೆಗೆ ಲಗಾಮಿಲ್ಲ, ದೂರು ಕೇಳುವವರಿಲ್ಲ, ಇಟ್ಟಿಗೆ ಹೊರುವ ಹೆಣ್ಣಿಗೆ ಗಂಡಾಳಿನ ಕೂಲಿಯಿಲ್ಲ ಎಂದು ಒಂದೊಂದನ್ನೂ ಬಿಡಿಸಿ ಹೇಳಿದೆ. ನಿರ್ದೇಶಕರು ತಾಳ್ಮೆಯಿಂದ ಕೇಳಿದರು.

"ನೀವು ಹೇಳಿದ್ದು ನೂರಕ್ಕೆ ನೂರು ಸರಿ ಮೇಡಂ. ಇಂಥಾ ಜಾಗಕ್ಕೆ ಆ ಹುಡುಗೀನ ಹೇಗೆ ಕಳಿಸೋದು? ಬೇರೆ ಯಾರಾದ್ರೂ ಹುಡುಗರನ್ನ ನೋಡಿ, ಸೋಮವಾರ ತೀರ್ಮಾನ ಮಾಡೋಣ."

ಲಿಫ್ಟಿನ ಬಳಿ ಸ್ಟೆಲ್ಲಾ ಮೆಲ್ಲನೆ ಹೇಳಿದಳು: "ಅಕ್ಕಾ, ನೀವು ಹೇಳಿದ್ದೆಲ್ಲಾ ಕರೆಕ್ಟು. ಆದ್ರೆ ನನ್ನ ಸೈಟು ಪೋಚ್ಚು, ಕೈತಪ್ಪಿ ಹೋಯ್ತು."

ಆ ಭಾನುವಾರ ಮಾಧವರಂನ ಚರ್ಚಿನಲ್ಲಿ ಅವಳ ತಂಗಿ ನಿಶಾಳಿಗೆ ದೃಢೀಕರಣ ಸಂಸ್ಕಾರ. ಅಲ್ಲಿಯೂ ಜ್ಞಾನತಾಯಿ ನಾನೇ. ಮಾತು ಬಾರದ ವಯಸ್ಸಿನಲ್ಲಿ ದೊಡ್ಡವರು ಆಡಿದ ಮಾತನ್ನು, ಬುದ್ಧಿ ಬಂದ ಮೇಲೆ ಮಗು ತಾನೇ ಬಿಷಪರೆದುರು ಆಡುವ ಸಂದರ್ಭವದು. ಜ್ಞಾನತಾಯಿ ಹಿಂದೆ ನಿಂತು ಭುಜದ ಮೇಲೆ ಬಲಗೈ ಇಟ್ಟಿದ್ದರೆ ಸಾಕು. ಹಿಂದಿನ ಕಾಲದಲ್ಲಿ ಬಿಷಪರು ಮಗುವಿನ ಕೆನ್ನೆಗೆ ಹಗುರವಾಗಿ ಒಂದು ಏಟನ್ನೂ ಕೊಡುತ್ತಿದ್ದರು. ವಿಶ್ವಾಸಕ್ಕಾಗಿ ನೋವುಣ್ಣಲು ಸಿದ್ಧವಾಗಿರು ಎಂಬ ಸೂಚನೆ. ಈಗ ಆ ರೂಢಿ ತಪ್ಪಿದೆ.

"ಸೈತಾನನನ್ನು ತ್ಯಜಿಸುವಿರಾ?" ಎಂದು ಬಿಷಪರು ತಮಿಳಿನಲ್ಲಿ ಕೇಳಿದರು. ಮಕ್ಕಳೆಲ್ಲ ಉಸಿರೆಳೆದುಕೊಳ್ಳುವಷ್ಟರಲ್ಲಿ ನನ್ನೊಬ್ಬಳ ಉತ್ತರ ಚಾವಣಿಗೆ ತಾಗಿ ಮರಳಿತು. ಬಿಷಪರು ಕನ್ನಡಕದ ಮೇಲಿಂದ ನೋಡಿದರು. ನಿಶಾ ತಿರುಗಿ, "ಆಂಟಿ, ಕೇಳಿದ್ದು ನಮ್ಮನ್ನ!" ಎಂದು ಪಿಸುಗುಟ್ಟಿದಳು. ನಾಚಿಕೆಯಲ್ಲಿ ನನ್ನ ಕೈ ಬಿಗಿಯಿತೆಂದು ಕಾಣುತ್ತದೆ. ಮರುಕ್ಷಣವೇ ಮತ್ತೊಂದು ಪಿಸುಮಾತು ಬಂತು: "ಐಯೋ, ಭುಜ ಬಿಡಿ!"

ಪೂಜೆಯ ನಂತರದ ಊಟದಲ್ಲಿ ಬಿರಿಯಾನಿಯ ತಟ್ಟೆ ನನ್ನ ಕೈಗಿತ್ತು ಸ್ಟೆಲ್ಲಾ ಬಹಳ ಹೊತ್ತು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅಕ್ಕಾ, ನಾಳೆ ಮೀಟಿಂಗಲ್ಲಿ ನಾನೇ ಮಾತಾಡ್ತೀನಿ. ನೀವು ಚುಮ್ಮಾ ಇರಿ," ಎಂದಳು.

"ಹಾಗಾದ್ರೆ ನಾನ್ಯಾಕೆ ಬರಬೇಕು?"

"ನಿಶಾ ಹಿಂದೆ ನಿಂತಿದ್ರಲ್ಲ, ಹಾಗೇ ನನ್ನ ಹಿಂದೆ ನಿಲ್ಲೋಕೆ. ಬಾಯಿ ಮಾತ್ರ ಬೇಡ."

ಸೋಮವಾರ ನಾನು ಅವಳ ಕುರ್ಚಿಯ ಬೆನ್ನು ಹಿಡಿದು ಹಿಂದೆ ನಿಂತೆ. ಅವಳು ನೇರವಾಗಿ ವಿಷಯಕ್ಕೆ ಬಂದಳು. "ಸರ್, ಮೇಡಂ ಹೇಳಿದ ತೊಂದ್ರೆ ಎಲ್ಲಾ ನಿಜ. ಆದ್ರೂ ನಾನು ಹೋಗ್ತೀನಿ. ಮೊದಲು ಬೀಗ ಇರೋ ಒಂದು ಟಾಯ್ಲೆಟ್ ಇಡಿಸಿ. ಇಟ್ಟಿಗೆ ಹೊರೋ ಅಕ್ಕಂದಿರಿಗೂ ಅದರ ಬೀಗದಕೈ ಸಿಗಬೇಕು. ಮಿಕ್ಕಿದ್ದನ್ನ ಅಲ್ಲಿಗೆ ಹೋಗಿ, ನೋಡಿ ಕೇಳ್ತೀನಿ."

ನಿರ್ದೇಶಕರು ಅವಳನ್ನು ಬಿಟ್ಟು ನನ್ನತ್ತ ನೋಡಿದರು. "ನೀವೇನಂತೀರಿ ಮೇಡಂ?"

ವಾಹನ, ಕೂಲಿ, ಗುತ್ತಿಗೆದಾರನ ನಾಲಿಗೆ, ಎಲ್ಲವೂ ನನ್ನ ಗಂಟಲಿನಲ್ಲಿ ಒಂದನ್ನೊಂದು ನೂಕುತ್ತಿದ್ದವು. "ಅವಳು ಹೇಳಿ ಆಯ್ತಲ್ಲ ಸರ್," ಎಂದೆ. ನನ್ನ ವೃತ್ತಿಜೀವನದ ಅತ್ಯಂತ ಕಿರಿದಾದ ಭಾಷಣ ಅದು.

ಅವರು ತುಸು ಹೊತ್ತು ಮೇಜಿನ ಮೇಲೆ ಪೆನ್ನು ಕುಟ್ಟಿದರು. "ಸರಿ. ಟಾಯ್ಲೆಟ್ ಇಟ್ಟ ಮೇಲೆ ಹೋಗಮ್ಮ."

ಹೊರಗೆ ಬಂದ ಮೇಲೆ ಸ್ಟೆಲ್ಲಾ ನನ್ನ ಬೆರಳುಗಳನ್ನೇ ನೋಡಿದಳು. "ಕುರ್ಚಿ ಮುರೀಲಿಲ್ಲ ತಾನೇ ಅಕ್ಕಾ?"

ಅನ್ಯಾಯಗಳನ್ನು ಹೆಸರಿಟ್ಟು ಕರೆಯುವುದನ್ನು ನಾನು ಕೈಬಿಟ್ಟಿಲ್ಲ. ತಿರುವೊಟ್ಟಿಯೂರಿನಲ್ಲಿ ಕೂಲಿ ಇಂದಿಗೂ ಸಮನಾಗಿಲ್ಲ. ಸ್ಟೆಲ್ಲಾ ಅದನ್ನು ಅಲ್ಲಿ ಕೇಳುತ್ತಾಳೆ, ನಾನು ಇಲ್ಲಿ ಕೇಳುತ್ತೇನೆ. ಆದರೆ ಧರ್ಮಸಭೆ ಬಿಷಪರ ಆ ಹಳೆಯ ಏಟನ್ನು ಮತ್ತೆ ರೂಢಿಗೆ ತರುವುದಾದರೆ ನನ್ನದೊಂದು ವಿನಮ್ರ ಸಲಹೆಯಿದೆ: ಮಕ್ಕಳನ್ನು ಬಿಟ್ಟುಬಿಡಲಿ, ಹಿಂದೆ ನಿಂತವರಿಗೆ ಕೊಡಲಿ. ಕೆನ್ನೆಯಿಂದ ಬಾಯಿಗೆ ಹೆಚ್ಚು ದೂರವಿಲ್ಲ.