ಅಣ್ಣನ ಎಡಗೈ

ಮೈಮೇಲೆ ದೇವರು ಬಂದಿದೆ ಎಂದು ಕುಣಿಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ತನ್ನ ಕೈಕಾಲು ಏನು ಮಾಡುತ್ತಿದೆ ಎಂಬುದು ತನಗೇ ತಿಳಿಯದೆ ಇರಲು ಸಾಧ್ಯವೇ ಎಂದು ಅಂಥ ಒಬ್ಬಿಬ್ಬರನ್ನು ನೇರವಾಗಿ ಕೇಳಿ ಬೈಸಿಕೊಂಡದ್ದೂ ಉಂಟು. ಬಿ.ಎಸ್ಸಿ. ಓದಿ ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿಕೊಂಡಿದ್ದವಳು ನಾನು. ಮನುಷ್ಯ ಮೊದಲು ನಿರ್ಧರಿಸುತ್ತಾನೆ, ಆಮೇಲೆ ಕೈ ಎತ್ತುತ್ತಾನೆ. ಎತ್ತಿದ ಕೈಗೆ ಅವನೇ ಹೊಣೆ. ಇದರಲ್ಲಿ ಅನುಮಾನ ಪಡುವಂಥದ್ದು ಏನಿದೆ ಎಂದು ನೀವೂ ಕೇಳಬಹುದು. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯ ಅಂಗಳದಲ್ಲಿ, ಆಮೇಲೆ ಒಂದು ಬಸ್ಸಿನಲ್ಲಿ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಅದಕ್ಕೆ ಅರ್ಥ ಹೇಳುವ ಶಕ್ತಿ ನನಗಿಲ್ಲ.

ನಮ್ಮದು ಬಾಣಾವರದ ಹತ್ತಿರದ ಹಳ್ಳಿ. ಅಣ್ಣ ನನಗಿಂತ ಬಹಳ ದೊಡ್ಡವನು, ಟ್ರಾಕ್ಟರ್ ಓಡಿಸುತ್ತಿದ್ದ. ನಮ್ಮ ತೋಟದ ಪಕ್ಕದ್ದೇ ಚಿಕ್ಕಪ್ಪನ ಮಗ ಮಲ್ಲೇಶನ ತೋಟ. ಎರಡರ ನಡುವಿನ ಬದುವಿನ ಮೇಲೆ ಬಗ್ಗಿಕೊಂಡಿದ್ದ ಒಂದು ತೆಂಗಿನ ಮರದಿಂದ ಉದುರಿದ ಕಾಯಿ ಯಾರದು ಎಂಬ ಮಾತು ಒಂದು ಬೆಳಿಗ್ಗೆ ಜಗಳಕ್ಕೆ ತಿರುಗಿತು. ಅಣ್ಣ ಕಾಯಿ ಎತ್ತಿಕೊಳ್ಳಲು ಬಗ್ಗಿದಾಗ ಮಲ್ಲೇಶ ಹಿಂದಿನಿಂದ ಗುದ್ದಲಿಯ ಕಾವಿನಿಂದ ತಲೆಗೆ ಹೊಡೆದ. ಅಣ್ಣ ಬದುಕಿದ್ದೇ ಹೆಚ್ಚು. ಅವನು ಆಸ್ಪತ್ರೆಯಲ್ಲಿ ಮಲಗಿರುವಾಗಲೇ ಇತ್ತ ಮಲ್ಲೇಶ ಹೊಸ ಮನೆಗೆ ತಾರಸಿ ಹಾಕಿಸಿದ.

ಊರ ಹಿರಿಯರು ರಾಜಿ ಮಾಡಿಸಿದರು. ಆ ಪಂಚಾಯಿತಿಯಲ್ಲಿ ನಾನೂ ಇದ್ದೆ. ಮಲ್ಲೇಶ ಟವೆಲ್ಲನ್ನು ಕಂಕುಳಲ್ಲಿ ಇರುಕಿಕೊಂಡು, "ಹೊಡೀಬೇಕು ಅಂತ ನಾನು ಅಂದ್ಕಂಡೇ ಇರ್ನಿಲ್ಲ ಕಣ್ರಪ್ಪ. ಕೈ ತಾನಾಗೇ ಎದ್ದೋಯ್ತು" ಎಂದ. ಹಿರಿಯರು ತಲೆದೂಗಿದರು. ಹೊಡೆದ ಏಟಿಗಿಂತ ಈ ಮಾತಿಗೆ ನನ್ನ ಹೊಟ್ಟೆ ಹೆಚ್ಚು ಉರಿಯಿತು.

ಅಣ್ಣ ಮನೆಗೆ ಬಂದ ಮೇಲೆ ಅವನ ಎಡಗೈ ಅವನ ಮಾತು ಕೇಳುವುದನ್ನು ಬಿಟ್ಟಿತ್ತು. ಸತ್ವ ಹೋಗಿರಲಿಲ್ಲ, ಬಲಗೈಯಷ್ಟೇ ಗಟ್ಟಿಯಾಗಿತ್ತು. ಆದರೆ ಬಲಗೈ ಅಂಗಿಯ ಗುಂಡಿ ಹಾಕಿದರೆ ಎಡಗೈ ಬಿಚ್ಚುವುದು. ಬಲಗೈ ಮುದ್ದೆ ಮುರಿಯುವಷ್ಟರಲ್ಲಿ ಎಡಗೈ ತಟ್ಟೆಯನ್ನೇ ಎಳೆದುಕೊಳ್ಳುವುದು. ಟ್ರಾಕ್ಟರಿನ ಸ್ಟೇರಿಂಗನ್ನು ಅದಕ್ಕೆ ನಂಬಿ ಕೊಡುವ ಹಾಗಿರಲಿಲ್ಲ. ಅಣ್ಣ ಅದಕ್ಕೆ 'ದಾಯಾದಿ' ಎಂದು ಹೆಸರಿಟ್ಟಿದ್ದ. ಅತ್ತಿಗೆ ನಗುನಗುತ್ತಲೇ, "ಇಬ್ರು ಗಂಡಂದಿರ ಜೊತೆ ಸಂಸಾರ ಮಾಡ್ದಂಗಾಗೈತೆ ಕಣಮ್ಮ. ಒಬ್ಬ ಸೆರಗು ಬಿಟ್ರೆ ಇನ್ನೊಬ್ಬ ಹಿಡ್ಕತಾನೆ" ಎನ್ನುತ್ತಿದ್ದಳು. ಆಮೇಲೆ ಒಳಗೆ ಹೋಗಿ ಅಳುತ್ತಿದ್ದಳು.

ಬೆಂಗಳೂರಿನಲ್ಲಿ ತಲೆಯ ಸ್ಕ್ಯಾನ್ ನೋಡಿದ ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಮೆದುಳಿನ ಎರಡು ಭಾಗಗಳ ನಡುವೆ ಸೇತುವೆಯಂಥದ್ದು ಒಂದಿದೆ, ಇವರಿಗೆ ಅದಕ್ಕೆ ಪೆಟ್ಟಾಗಿದೆ, ಅಪರೂಪಕ್ಕೆ ಹೀಗಾಗುತ್ತದೆ, ಬಲಗೈ ಮಾಡಿದ್ದನ್ನು ಎಡಗೈ ತಿರುಗಿಸುತ್ತದೆ ಎಂದರು. ಹಾಗಾದರೆ ಆ ಕೈಯನ್ನು ಆಡಿಸುತ್ತಿರುವುದು ಯಾರು ಎಂದು ಕೇಳಿದೆ. ಅವರು ನಕ್ಕರು. "ನಿಮ್ಮ ಕೈಯನ್ನ ಆಡಿಸೋದು ಯಾರು ಅಂತ ನಿಮಗೆ ಅಷ್ಟು ಖಾತ್ರಿ ಇದೆಯಾ? ನಾವು 'ಮಾಡೋಣ' ಅಂದುಕೊಳ್ಳೋಕೆ ಸ್ವಲ್ಪ ಮೊದಲೇ ಮೆದುಳು ತಯಾರಿ ಶುರು ಮಾಡಿರುತ್ತೆ ಅಂತ ಪ್ರಯೋಗ ಮಾಡಿ ನೋಡಿದಾರೆ. ಅದಕ್ಕೇನರ್ಥ ಅಂತ ಇನ್ನೂ ಜಗಳ ಆಡ್ತಾನೇ ಇದಾರೆ."

"ಹಾಗಂದ್ರೆ ನಮ್ಮಣ್ಣನಿಗೆ ಹೊಡೆದವನದು ತಪ್ಪೇ ಇಲ್ಲ ಅಂತೀರಾ?"

"ಸ್ಕ್ಯಾನಲ್ಲಿ ಗಾಯ ಕಾಣುತ್ತಮ್ಮ. ತಪ್ಪು ಕಾಣಲ್ಲ."

ಈ ಉತ್ತರ ನನಗೆ ಹಿಡಿಸಲಿಲ್ಲ. ಮಲ್ಲೇಶನಿಗೆ ನೋವಾಗಬೇಕು, ಅದನ್ನು ನಾವು ನೋಡಬೇಕು. ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಕಾಗಿದ್ದದ್ದು ಇಷ್ಟೇ. ಅವನು ಬೈಕಿನಲ್ಲಿ ರೈಲ್ವೆ ಗೇಟು ದಾಟುವುದನ್ನು ಕಂಡಾಗಲೆಲ್ಲ ರೈಲು ಈಗಲೇ ಬರಬಾರದೇ ಎಂದುಕೊಂಡಿದ್ದೇನೆ. ಅಣ್ಣನಂತೂ ಬೇರೆ ಯೋಚನೆಯನ್ನೇ ಬಿಟ್ಟಿದ್ದ. "ಇವತ್ತಲ್ಲ ನಾಳೆ ನನ್ನ ಮುಂದೆ ಬಂದೇ ಬತ್ತಾನೆ ಕಣೇ" ಎನ್ನುತ್ತ ಮಚ್ಚು ಮಸೆಯುತ್ತಿದ್ದ.

ಅದು ಕೊಬ್ಬರಿ ಒಡೆಯುವ ಮಚ್ಚು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ, ಒಳಗಿನ ನೀರೆಲ್ಲ ಆರಿ ಕೊಬ್ಬರಿ ಚಿಪ್ಪಿನಿಂದ ಬಿಡುವವರೆಗೆ ತಿಂಗಳುಗಟ್ಟಲೆ ಕಾಯುತ್ತೇವೆ. ಆಮೇಲೆ ಸಿಪ್ಪೆ ಸುಲಿದು, ಮಚ್ಚಿನಿಂದ ಚಿಪ್ಪನ್ನು ಮಾತ್ರ ಒಡೆದು, ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆಯಬೇಕು. ಒಂದು ಕೈ ಕಾಯಿ ತಿರುಗಿಸುತ್ತಿರಬೇಕು, ಇನ್ನೊಂದು ಕೈ ಅಳತೆಯ ಏಟು ಹಾಕುತ್ತಿರಬೇಕು. ಅಣ್ಣನ ಬಲಗೈಗೆ ಆ ಅಳತೆ ಮರೆತಿರಲಿಲ್ಲ. ಎಡಗೈಗೆ ಕಾಯಿ ಕೊಟ್ಟರೆ ಅದು ಎಸೆಯುತ್ತಿತ್ತು. ಆದ್ದರಿಂದ ರಜೆಯ ದಿನಗಳಲ್ಲಿ ನಾನೇ ಎದುರು ಕೂತು ಕಾಯಿ ಹಿಡಿಯುತ್ತಿದ್ದೆ. ನನ್ನ ಬೆರಳಿನ ಪಕ್ಕದಲ್ಲೇ ಮಚ್ಚು ಬೀಳುತ್ತಿದ್ದರೂ ಒಂದು ದಿನವೂ ಭಯವಾಗಿರಲಿಲ್ಲ.

ಹಾಗೆ ಕೂತಿದ್ದ ಒಂದು ಭಾನುವಾರ ಮಧ್ಯಾಹ್ನ ಮಲ್ಲೇಶ ನಮ್ಮ ಅಂಗಳಕ್ಕೆ ಬಂದ. ಬಿಳಿ ಪಂಚೆ ಉಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ, ಕುಂಕುಮ, ಲಗ್ನಪತ್ರಿಕೆ ಇಟ್ಟುಕೊಂಡಿದ್ದ. ಅವನ ಮಗಳನ್ನು ಮಾದಿಹಳ್ಳಿಗೆ ಕೊಡುವುದಾಗಿತ್ತು, ಮದುವೆ ಹಳೇಬೀಡಿನಲ್ಲಿ. ಮಾತು ಬಿಟ್ಟಿರಲಿ, ಕೋರ್ಟು ಹತ್ತಿರಲಿ, ನಮ್ಮಲ್ಲಿ ಮದುವೆಯ ಮೊದಲ ಕರೆ ದಾಯಾದಿಗಳಲ್ಲಿ ಹಿರಿಯನಿಗೇ ಸಲ್ಲಬೇಕು. ಅದೂ ಕಾಲಿಗೆ ಬಿದ್ದು ಕರೆಯಬೇಕು. ಹಿರಿಯ 'ಒಳ್ಳೇದಾಗ್ಲಿ' ಎನ್ನುವವರೆಗೆ ಬಿದ್ದವನು ಏಳುವಂತಿಲ್ಲ.

"ಅಣ್ಣಯ್ಯ, ನನ್ನ ಮ್ಯಾಲೆ ಸಿಟ್ಟು ಇದ್ರೆ ಇರ್ಲಿ. ಮಗೂದು ಮದುವೆ. ನೀನು ಹಿರೀಕ" ಎಂದ.

ಅಣ್ಣ ಕೈಲಿದ್ದ ಮಚ್ಚನ್ನು ಕೆಳಗಿಡಲಿಲ್ಲ. "ಬೀಳೋದಾದ್ರೆ ಸರ್ಯಾಗಿ ಬೀಳ್ಲಾ" ಎಂದ.

ಮಲ್ಲೇಶ ತಟ್ಟೆ ಕೆಳಗಿಟ್ಟು ಅಣ್ಣನ ಪಾದದ ಮೇಲೆ ಹಣೆ ಇಟ್ಟ. ಅಂಗಿಯ ಕಾಲರು ಸರಿದು ಅವನ ಕತ್ತು ಪೂರ್ತಿ ಕಾಣುತ್ತಿತ್ತು. ಅಣ್ಣನ ಬಲಗೈ ಮಚ್ಚಿನ ಸಮೇತ ಮೇಲೆದ್ದಿತು. ಕೊಬ್ಬರಿ ಒಡೆಯುವಾಗ ಅದು ಅಷ್ಟು ಎತ್ತರಕ್ಕೆ ಏಳುವುದಿಲ್ಲ. ನನಗೆ ಕೂಗಲು ಬಾಯಿ ಬರಲಿಲ್ಲ. ಕೂಗಬೇಕೆಂದು ಅನ್ನಿಸಿತ್ತೇ ಎಂಬುದೂ ನನಗೆ ಸಂಶಯ. ಮಚ್ಚು ಕೆಳಗೆ ಹೊರಟಿತು. ಆಗ, ಅದುವರೆಗೆ ಅಣ್ಣನ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಎಡಗೈ ಚಂಗನೆ ಎದ್ದು ಬಲಗೈಯ ಮಣಿಕಟ್ಟನ್ನು ಹಿಡಿಯಿತು.

ಎರಡೂ ಕೈ ಒಂದನ್ನೊಂದು ಜಗ್ಗುತ್ತ ಮೇಲೇ ನಿಂತವು. ಅಣ್ಣನ ಕತ್ತಿನ ನರ ಉಬ್ಬಿತ್ತು. ಮುಖದಲ್ಲಿ ದಯೆಯ ಎಳೆಯೂ ಇರಲಿಲ್ಲ. ಹಲ್ಲು ಕಚ್ಚಿ ಬಲಗೈಯನ್ನು ಕೆಳಕ್ಕೆ ಒತ್ತುತ್ತಲೇ ಇದ್ದ. ಮಲ್ಲೇಶನ ಕತ್ತಿನ ಮೇಲೆ ಮಚ್ಚಿನ ನೆರಳು ಆಡುತ್ತಿತ್ತು. ಅವನಿಗೆ ಇದೇನೂ ತಿಳಿಯದು. ಬಿದ್ದಲ್ಲಿಂದಲೇ, "ಏನಾರ ಅನ್ನಪ್ಪ, ಸೊಂಟ ಹಿಡ್ಕತೈತೆ" ಎಂದ.

ಅತ್ತಿಗೆ ನೀರಿನ ಚೊಂಬು ಹಿಡಿದು ಹೊರಗೆ ಬಂದಳು. ಮಚ್ಚು ಕಂಡವಳೇ, "ಒಳ್ಳೇದಾಗ್ತದೆ, ಏಳಪ್ಪ, ಏಳು" ಎಂದಳು. ಮಲ್ಲೇಶ ತಲೆ ಎತ್ತುವಷ್ಟರಲ್ಲಿ ಮಚ್ಚು ಅಣ್ಣನ ಬೆನ್ನ ಹಿಂದೆ ಬಿತ್ತು. ತನ್ನ ತಲೆಯ ಮೇಲೆ ಎರಡು ಕೈ ಕೂಡಿದ್ದಷ್ಟನ್ನೇ ಅವನು ಕಂಡದ್ದು. ಅಣ್ಣಯ್ಯ ಎರಡೂ ಕೈಯೆತ್ತಿ ಹರಸಿದ ಎಂದು ಸಂಜೆಯೊಳಗೆ ಊರಿಗೆಲ್ಲ ಹೇಳಿಕೊಂಡು ಬಂದ.

ಅವನು ಹೋದ ಮೇಲೆ ಅಣ್ಣ ಎಡಗೈಯನ್ನು ನೆಲಕ್ಕೆ ಅಪ್ಪಳಿಸಿ ಅಪ್ಪಳಿಸಿ ಹೊಡೆದ. "ನಾನು ಕ್ಷಮಿಸ್ಲಿಲ್ಲ ಕಣೇ. ನಾನು ಕಡ್ದಾಯ್ತು. ನನ್ನ ಪಾಲಿಗೆ ಅವನು ಸತ್ತ. ಈ ನನ್ಮಗಂದು ಅಡ್ಡ ಬಂತು" ಎಂದ. ಅವನ ಗೆಣ್ಣುಗಳಿಂದ ರಕ್ತ ಬರುತ್ತಿತ್ತು.

ಬಲಗೈ ಮಾಡಿದ್ದನ್ನು ಎಡಗೈ ತಿರುಗಿಸುತ್ತದೆ ಎಂದು ಡಾಕ್ಟರು ಹೇಳಿದ್ದರಲ್ಲ, ಇದೂ ಹಾಗೆಯೇ ಎಂದು ನಾನು ನನಗೇ ಪಾಠ ಹೇಳಿಕೊಂಡೆ. ಗುಂಡಿ ಬಿಚ್ಚುವ ಕೈಯಲ್ಲಿ ಕರುಣೆ ಹುಡುಕುವುದು ಹುಚ್ಚುತನ. ಆದರೆ ಆ ಬೆಳಿಗ್ಗೆಯಿಂದ ಬಲಗೈ ಎಷ್ಟೋ ಸಲ ಮಚ್ಚು ಎತ್ತಿತ್ತು. ನನ್ನ ಬೆರಳುಗಳು ಅದರಡಿಯಲ್ಲೇ ಇದ್ದವು. ಎಡಗೈ ಒಂದು ಸಲವೂ ಮಿಸುಕಿರಲಿಲ್ಲ. ತೆಂಗಿನಕಾಯಿಗೂ ಮನುಷ್ಯನ ಕತ್ತಿಗೂ ಇರುವ ವ್ಯತ್ಯಾಸ ಅದಕ್ಕೆ ಯಾರು ಹೇಳಿಕೊಟ್ಟರು? ಅಣ್ಣನಂತೂ ಹೇಳಿಕೊಟ್ಟಿರಲಿಲ್ಲ.

ಮದುವೆಯ ದಿನ ಅಣ್ಣ ತಾನೂ ಹೋಗುತ್ತೇನೆ ಎಂದ. ಅತ್ತಿಗೆ, "ಆ ಮನೆ ಅನ್ನ ನನ್ನ ಗಂಟಲಲ್ಲಿ ಇಳಿಯಲ್ಲ" ಎಂದು ಉಳಿದುಕೊಂಡಳು. ಅವಳು ಕೊಟ್ಟಿಗೆಯ ಕಡೆ ಹೋದಾಗ ಅಣ್ಣ ನನ್ನನ್ನು ಒಳಗೆ ಕರೆದು ಟವೆಲ್ ಕೊಟ್ಟ. "ದಾಯಾದೀನ ಸೊಂಟಕ್ಕೆ ಬಿಗಿದು ಕಟ್ಟು. ಒಂದು ಕೈಲಿ ಗಂಟು ಹಾಕಕ್ಕಾಗಲ್ಲ" ಎಂದ. ಯಾಕೆ ಎಂದು ನಾನು ಕೇಳಲಿಲ್ಲ. ಅವನ ಬಲ ಸೊಂಟದಲ್ಲಿ, ಶಾಲಿನ ಕೆಳಗೆ ಮಚ್ಚಿನ ಹಿಡಿ ಎದ್ದು ಕಾಣುತ್ತಿತ್ತು. ಪಂಚಾಯಿತಿಯಲ್ಲಿ ತಲೆದೂಗಿದವರೆಲ್ಲ ಮಂಟಪದಲ್ಲಿ ಇರುತ್ತಾರೆ, ಅವರೂ ನೋಡಲಿ ಎಂದುಕೊಂಡೆ. ಎರಡು ಗಂಟು ಹಾಕಿದೆ. ಬಿಚ್ಚಿಕೊಳ್ಳದಂತೆ ಹಲ್ಲಿನಿಂದ ಕಚ್ಚಿ ಎಳೆದೆ.

ಬಾಣಾವರದಲ್ಲಿ ಬಸ್ಸು ಹತ್ತಿದೆವು. ಅಣ್ಣ ಕಿಟಕಿಯ ಪಕ್ಕ, ನಾನು ಅವನ ಎಡಕ್ಕೆ. ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ಇದ್ದದ್ದು ಮಲ್ಲೇಶನ ಕತ್ತು ಒಂದೇ. ಅತ್ತಿಗೆಯ ಗತಿ, ಅಣ್ಣನಿಗೆ ಆಗಬಹುದಾದ ಜೈಲು, ಆ ಮದುವಣಗಿತ್ತಿ, ಯಾವುದೂ ನೆನಪಿಗೆ ಬರಲಿಲ್ಲ. ಬಂದಿತ್ತು, ಹೆದರಿದೆ, ಮನಸ್ಸು ಬದಲಾಯಿಸಿದೆ ಎಂದು ಬರೆದರೆ ನಿಮಗೂ ಸಮಾಧಾನ, ನನಗೂ ಗೌರವ. ಆದರೆ ಅದು ಸುಳ್ಳು.

ಜಾವಗಲ್ ದಾಟಿದ ಮೇಲೆ ಬೆರಳ ತುದಿ ಉರಿಯುತ್ತಿದೆ ಎನ್ನಿಸಿ ಕೆಳಗೆ ನೋಡಿದೆ. ನನ್ನ ಬಲಗೈ ಶಾಲಿನ ಕೆಳಗೆ ಇತ್ತು. ಒಂದು ಉಗುರು ಮುರಿದಿತ್ತು. ಮೊದಲ ಗಂಟು ಬಿಚ್ಚಿ ಹೋಗಿತ್ತು, ಎರಡನೆಯದರಲ್ಲಿ ಬೆರಳುಗಳು ಕೆಲಸ ಮಾಡುತ್ತಿದ್ದವು. ನೋಡಿದೆ ಎಂದೆನಲ್ಲ, ಬೇರೆ ಯಾರದೋ ಕೈಯನ್ನು ನೋಡುವಂತೆ ಸುಮ್ಮನೆ ನೋಡಿದೆ. ಗಂಟು ಸಡಿಲವಾಯಿತು. ಅಣ್ಣನ ಎಡಗೈ ಹೊರಗೆ ಜಾರಿ, ಅವನ ಎದೆಯ ಮೇಲಿಂದ ಅಡ್ಡ ಹೋಗಿ, ಬಲಗೈಯ ಮಣಿಕಟ್ಟನ್ನು ಹಿಡಿದು ಕೂತಿತು.

ಅಣ್ಣ ತಿರುಗಿ ನನ್ನನ್ನು ನೋಡಿದ. "ಯಾರೇ ಬಿಚ್ಚಿದ್ದು?"

"ನಾನಲ್ಲಣ್ಣ."

"ನೀನೂ ಅವನ ಕಡೆ ಆಗ್ಬಿಟ್ಯಾ?"

ಇಲ್ಲ ಎಂದೆ. ಎರಡು ಉತ್ತರವೂ ನಿಜವೇ. ನಾಳೆ ಮಲ್ಲೇಶ ಸತ್ತ ಎಂಬ ಸುದ್ದಿ ಬಂದರೆ ಈಗಲೂ ನಾನು ಕಾಫಿ ಲೋಟ ಕೆಳಗಿಡುವವಳಲ್ಲ. ಹಳೇಬೀಡು ಇನ್ನೂ ದೂರವಿರುವಾಗಲೇ ಅಣ್ಣ ಬಸ್ಸು ನಿಲ್ಲಿಸು ಎಂದು ಕೂಗಿದ. ಇಳಿದು, ಎದುರುಗಡೆಯಿಂದ ಬರುವ ಬಸ್ಸಿಗಾಗಿ ರಸ್ತೆಯ ಆಚೆ ಬದಿಯಲ್ಲಿ ಕಾದೆವು. ಅವನು ನನಗೆ ಬೆನ್ನು ಮಾಡಿ ನಿಂತಿದ್ದ.

ಆ ಗಂಟು ಕಟ್ಟಿದವಳು ನಾನು. ಬೇಕೆಂದೇ ಕಟ್ಟಿದೆ, ಯಾರು ಕೇಳಿದರೂ ಒಪ್ಪಿಕೊಳ್ಳುತ್ತೇನೆ. ಬಿಚ್ಚಿದವರು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ.