ಕಮಲಾಪುರದ ಹೊಲದಲ್ಲಿ ನನ್ನ ಪಾಲು

ನಾನು ಕತ್ತರಿಸಿ ತೆಗೆದ ಎದೆಯ ಗಂಟನ್ನು ರೋಗಿಯ ಗಂಡ ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡು ಹೊರಟೇಬಿಟ್ಟ. ಗುಲ್ಬರ್ಗದ ದವಾಖಾನೆಯಲ್ಲಿ, ಅಂದರೆ ನಾವು ಆಸ್ಪತ್ರೆ ಎನ್ನುವಲ್ಲಿ, ನಾನು ಮಾಡಿದ ಮೊದಲ ಕ್ಯಾನ್ಸರ್ ಶಸ್ತ್ರಕ್ರಿಯೆ ಅದು. ಗಾಜಿನ ಭರಣಿ ಹಿಡಿದುಕೊಂಡು ಅಂಗಳದವರೆಗೂ ಅವನ ಹಿಂದೆ ಓಡಿದೆ.

"ನಿಲ್ಲಪ್ಪ, ಅದು ಪರೀಕ್ಷೆಗೆ ಬೇಕು!"

ಕಮಲಾಪುರದ ಶರಣಪ್ಪ ನಿಂತ. "ಆಕಿ ಮೈಯಂದು ಅಲ್ರೀ ಸಾಹೇಬ್ರ? ನಮ್ಮ ಹೊಲದಾಗ ಹಿರ್ಯಾರ ಮಗ್ಗಲಕ್ಕ ಮಣ್ಣ ಕೊಡಬೇಕ್ರಿ. ನಾಳೆ ಗಂಗಮ್ಮ ಹ್ವಾದ ಮ್ಯಾಗ ಉಳಿದದ್ದು ಎಲ್ಲಿ ಅಂತ ಹುಡುಕೋದು?"

"ಒಂದು ಚೂರಾದರೂ ಕೊಡು."

"ಚೂರ ಕೊಟ್ರ ಚೂರ ಕಮ್ಮಿ ಆಗ್ತದಲ್ರೀ."

ಮಣ್ಣು ಕೊಡುವುದೆಂದರೆ ಇಲ್ಲಿ ಹೂಳುವುದು. ಅವನ ನಂತರ ಬಂದವರದೂ ಅದೇ ಮಾತು. ನಾನು ಕಲಿತ ಮೈಸೂರಿನಲ್ಲಿ ಕತ್ತರಿಸಿದ್ದು ಎಲ್ಲಿ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ. ತುಂಬಿದ ಭರಣಿಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಇಲ್ಲಿ ರೋಗಿಗಳಿಗೆ ಬರವಿಲ್ಲ, ಭರಣಿಗಳು ಮಾತ್ರ ಖಾಲಿ. ಈ ಗಂಟುಗಳ ಮೇಲೆ ಸಂಶೋಧನೆ ಮಾಡಿ ಪ್ರಬಂಧ ಬರೆದರೆ ನಮ್ಮ ಸೀಮೆಯಲ್ಲಿ ಅಧ್ಯಾಪಕನ ಹುದ್ದೆ ಸಿಗುತ್ತದೆಂಬ ಆಸೆಯಿಂದಲೇ ನಾನು ನಿಜಾಮರ ಸೀಮೆಗೆ ಬಂದದ್ದು. ಪ್ರಬಂಧವನ್ನು ಗಾಳಿಯಲ್ಲಿ ಬರೆಯಲೇ?

ಗುಟ್ಟಾಗಿ ಒಂದು ತುಂಡು ಇಟ್ಟುಕೊಳ್ಳೋಣವೆಂದರೆ ಜೊತೆಯ ವೈದ್ಯರು, ಮೋಮಿನಪುರದ ಕರೀಂ ಸಾಹೇಬರು, ಬಿಡಲಿಲ್ಲ. "ಗೊತ್ತಾಯ್ತಂದ್ರ ಮಹಾಗಾಂವ, ಕಮಲಾಪುರದ ಕಡಿಂದ ಒಬ್ಬ ಮರೀಜ್ ಸೈತ ಬರಂಗಿಲ್ರಿ." ಮರೀಜ್ ಎಂದರೆ ರೋಗಿ. ಇಂಥ ಮಾತು ಕಲಿಯುವುದರಲ್ಲೇ ನನ್ನ ವಿದ್ಯೆಯೆಲ್ಲ ಸವೆಯುತ್ತಿತ್ತು.

ಶಹಾಬಜಾರದ ಬಾಡಿಗೆ ಮನೆಯಲ್ಲಿ ಬೇರೆಯೇ ಪಾಡು. ಅನ್ನ ಬೇಯಿಸಿಕೊಂಡರೆ ಪಕ್ಕದ ಮನೆಯ ಅಜ್ಜಿ ಇಣುಕುತ್ತಿದ್ದಳು: "ಬರೀ ಅನ್ನ ಉಣ್ಣಾಕತ್ತೀರಲ್ಲ, ಮೈಯಾಗ ಆರಾಮಿಲ್ಲೇನ್ರಿ?" ಜೋಳದ ರೊಟ್ಟಿ ತಿನ್ನದವನು ಆಕೆಯ ಲೆಕ್ಕದಲ್ಲಿ ರೋಗಿಯೇ. ಅಳು ಬರುವಷ್ಟು ಸಿಟ್ಟು ಬರುತ್ತಿತ್ತು.

ಗಂಗಮ್ಮನ ಗಾಯ ಇನ್ನೂ ಮಾಯುತ್ತಿರುವಾಗಲೇ, ಇನ್ನೊಂದು ಶಸ್ತ್ರಕ್ರಿಯೆಯಲ್ಲಿ ಚೂರಿ ಜಾರಿ ನನ್ನ ಎಡಗೈಯ ಕಿರುಬೆರಳಿಗೆ ತಗುಲಿತು. ಕೀವು ತುಂಬಿ ನಂಜೇರಿತು. ಕರೀಂ ಸಾಹೇಬರು ಬೆರಳನ್ನು ತೆಗೆದು ನನ್ನ ಜೀವ ಉಳಿಸಿದರು. ಎಚ್ಚರವಾದಾಗ ಮಂಚದ ಪಕ್ಕದಲ್ಲಿ ಗಂಗಮ್ಮ ನಿಂತಿದ್ದಳು. ಪಟ್ಟಿ ಬದಲಿಸಿಕೊಳ್ಳಲು ಗಂಡನೊಡನೆ ಬಂದಿದ್ದಳಂತೆ.

"ಬೆರಳ ಎಲ್ಲಿ ಅದರೀ?" ಎಂದಳು.

ಕಿಟಕಿಯ ಕಟ್ಟೆಯ ಮೇಲಿತ್ತು. ಕರೀಂ ಸಾಹೇಬರು ಅದನ್ನು ನನ್ನದೇ ಭರಣಿಯಲ್ಲಿ ಹಾಕಿಟ್ಟಿದ್ದರು. ಕಡೆಗೂ ಒಂದು ಭರಣಿ ತುಂಬಿತ್ತು.

"ಇದಕ್ಕ ಮಣ್ಣ ಕೊಡೋರು ಯಾರ್ರಿ? ನಿಮ್ಮ ಮಂದಿ ದೂರ ಅದಾರ. ನಂದು ಇಟ್ಟಲ್ಲೇ ಬಾಜೂಕ ಇಡ್ತೀವಿ, ಕೊಡ್ರಿ ಯಪ್ಪಾ."

ನಾವು ಬೆಂಕಿಗೆ ಕೊಡುವವರು ಎಂದು ಹೇಳಲು ಹೊರಟವನು ಕಿಟಕಿಯತ್ತ ತಿರುಗಿದೆ. ನನ್ನ ಮೈಯ ತುಣುಕನ್ನು ಭರಣಿಯಲ್ಲಿ ನೋಡುವುದು ನನ್ನಿಂದಲೇ ಆಗಲಿಲ್ಲ. ಕೊಟ್ಟೆ.

ಪ್ರಬಂಧ ಇನ್ನೂ ಆಗಿಲ್ಲ. ಭರಣಿಗಳು ಹಾಗೆಯೇ ಇವೆ, ಸಿಟ್ಟೂ ಹಾಗೆಯೇ ಇದೆ. ಊರಿಗೆ ಯಾವಾಗ ಬರುತ್ತೀ ಎಂದು ಮನೆಯಿಂದ ನೀವೆಲ್ಲ ಕಾಗದ ಬರೆದು ಕೇಳುತ್ತೀರಿ. ಹುದ್ದೆ ಸಿಕ್ಕ ದಿನವೇ ಹೊರಟು ಬಂದೇನು. ಆದರೆ ಪೂರ್ತಿ ಬರಲಾರೆ. ಕಮಲಾಪುರದ ಹೊಲದಲ್ಲಿ, ಗಂಗಮ್ಮನದರ ಪಕ್ಕ, ನನ್ನದೂ ಒಂದಿಷ್ಟು ಇದೆ.