ಮರುದಿನದ ಹಬ್ಬ

ಬೂಟು ಬಿಚ್ಚಿದಾಗ ಅವರ ಪಾದಗಳು ಬೇರೆ ಯಾರದೋ ಎಂಬಂತೆ ಕಾಣುತ್ತಿದ್ದವು. ಮುಖ, ಕುತ್ತಿಗೆ, ತೋಳು ಎಲ್ಲ ಬಿಸಿಲಿಗೆ ಸುಟ್ಟು ದೋಸೆಹಂಚಿನ ಬಣ್ಣಕ್ಕೆ ತಿರುಗಿದ್ದವು. ಕಾಲುಚೀಲದೊಳಗೆ ಹಗಲಿಡೀ ಬೆಂದ ಪಾದಗಳು ಮಾತ್ರ ಬೆಳ್ಳಗೆ, ಮೆತ್ತಗೆ, ಸುಕ್ಕುಗಟ್ಟಿಕೊಂಡಿರುತ್ತಿದ್ದವು. ಮಹಡಿ ಮೆಟ್ಟಿಲಿನ ಬುಡದಲ್ಲಿ ಕೂತು ಕಾಲ್ಬೆರಳುಗಳನ್ನು ಒಂದೊಂದಾಗಿ ಅಗಲಿಸಿ ಗಾಳಿಗೆ ಒಡ್ಡುತ್ತಿದ್ದರು. ನಮ್ಮ ಅತ್ತೆ ಮೊದಲ ಸಲ ಅದನ್ನು ಕಂಡು, “ನೋಡ್ವಾ, ಮಾರಿ ಪೊಲೀಸಂದು, ಕಾಲು ಬಾಣಂತೀದು” ಎಂದರು. ಕನ್ನಡ ಬಾರದ ಆ ಮನುಷ್ಯ ನಗುತ್ತ ಕೈಮುಗಿದರು. ಹೊಗಳಿಕೆ ಅಂದುಕೊಂಡಿರಬೇಕು.

ವಿಶಾಖಪಟ್ಟಣದ ರೈಲ್ವೆ ಪೊಲೀಸಿನಲ್ಲಿ ಅವರು ಹೆಡ್ ಕಾನ್‌ಸ್ಟೇಬಲ್. ಬೀದಿಯವರೆಲ್ಲ ‘ಹೆಡ್ಡುಗಾರು’ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅತ್ತೆಗೆ ಅವರು ‘ಪೊಲೀಸಪ್ಪ’. ಅವರ ಹೆಸರು ಈಗ ಪೊಲೀಸ್ ಮೈದಾನದ ಕಲ್ಲಿನ ಮೇಲಿದೆ. ವರ್ಷಕ್ಕೊಮ್ಮೆ ತುಪಾಕಿ ತಲೆಕೆಳಗು ಮಾಡಿ ಹಿಡಿದು ಅದನ್ನು ಓದುತ್ತಾರೆ. ಇಲ್ಲಿ ನಾನು ಬರೆಯುವುದಿಲ್ಲ. ಹೆಸರು ಹಿಡಿದು ಕರೆದರೆ ಯಾರೋ ಪರಕೀಯರ ಬಗ್ಗೆ ಮಾತಾಡಿದ ಹಾಗೆ ಆಗುತ್ತದೆ ನನಗೆ.

ಎಂಬತ್ತರ ದಶಕದ ಮಾತು. ನನ್ನ ಗಂಡನನ್ನು ಬ್ಯಾಂಕಿನವರು ಧಾರವಾಡದಿಂದ ಎತ್ತಿ ಸೀದಾ ಸಮುದ್ರದ ದಂಡೆಗೆ ಒಗೆದರು. ಅಕ್ಕಯ್ಯಪಾಲೆಂನಲ್ಲಿ ಬಾಡಿಗೆ ಮನೆ. ಕೆಳಗೆ ನಾವು, ಮಹಡಿಯ ಮೇಲೆ ಹೆಡ್ಡುಗಾರು, ಅವರ ಹೆಂಡತಿ, ಪುಟ್ಟ ಮಗಳು. ಬಂಧು ಬಳಗ ಒಂದೂ ಇಲ್ಲದ ಊರು. ಬ್ಯಾಂಕಿನ ಒಂದೆರಡು ಕನ್ನಡದ ಮನೆ, ನೌಕಾಪಡೆಯ ಒಂದು ಕುಟುಂಬ ಬಿಟ್ಟರೆ ಮಾತಾಡಿಸುವವರಿಲ್ಲ. ಬಂದ ಹೊಸದರಲ್ಲಿ ನಾನು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಅತ್ತೆ ಅಳುವವರ ಪೈಕಿ ಅಲ್ಲ. ಅವರು ಹಾಲಿನವನ ಹತ್ತಿರ, ತರಕಾರಿಯವಳ ಹತ್ತಿರ, ಎಲ್ಲರ ಹತ್ತಿರ ಧಾರವಾಡದ ಕನ್ನಡವನ್ನೇ ಮಾತಾಡಿ, ತಿಳಿಯದಿದ್ದರೆ ಅದು ಅವರ ತಪ್ಪು ಎಂಬಂತೆ ಇನ್ನೂ ಗಟ್ಟಿಯಾಗಿ ಮಾತಾಡುತ್ತಿದ್ದರು.

ಮೊದಲ ಯುಗಾದಿ ಬಂತು. ನಮ್ಮ ಮನೆಯಲ್ಲಿ ಹೂರಣ ರುಬ್ಬುವ ಗದ್ದಲ. ಮಹಡಿಯ ಮೇಲೆ ಸದ್ದಿಲ್ಲ, ಬಾಗಿಲಿಗೆ ಮಾವಿನ ತೋರಣವಿಲ್ಲ. “ಸೂತಕ ಗೀತಕ ಅದ ಏನು, ಕೇಳು” ಎಂದು ಅತ್ತೆ ನನ್ನನ್ನು ಅಟ್ಟಿದರು. ಅಷ್ಟರಲ್ಲಿ ಕಲಿತಿದ್ದ ಹರಕುಮುರುಕು ತೆಲುಗಿನಲ್ಲಿ ಹೋಗಿ ಕೇಳಿದೆ. ಹೆಂಡತಿ ಸಹಜವಾಗಿ, “ಇವರಿಗೆ ಇವತ್ತು ಡ್ಯೂಟಿ ಅಮ್ಮಾ. ನಾವು ಹಬ್ಬ ನಾಳೆ ಮಾಡ್ಕೊಳ್ತೀವಿ” ಎಂದರು. ಹಬ್ಬದ ದಿನವೇ ರೈಲಿನಲ್ಲಿ ನೂಕುನುಗ್ಗಲು, ಹಬ್ಬದ ದಿನವೇ ಪೊಲೀಸರಿಗೆ ರಜೆ ಇಲ್ಲ. ಮದುವೆಯಾದಾಗಿನಿಂದ ಆ ಮನೆಯಲ್ಲಿ ಒಂದೇ ಒಂದು ಹಬ್ಬವೂ ಅದರ ದಿನದಂದು ಆಗಿಲ್ಲವಂತೆ.

ಕೆಳಗೆ ಬಂದು ಹೇಳಿದರೆ ಅತ್ತೆ ಲಟ್ಟಣಿಗೆ ಕೆಳಗಿಟ್ಟರು. “ಹಬ್ಬ ಅಂದ್ರ ಬಸ್ಸೇನು? ಒಂದು ತಪ್ಪಿದ್ರ ಹಿಂದಿಂದು ಹತ್ತಲಿಕ್ಕೆ? ಪಂಚಾಂಗದಾಗ ಇಲ್ಲದ್ದು ಮಾಡ್ತಾರಂತ ಇವರು!”

ಮರುದಿನ ಹೆಡ್ಡುಗಾರು ಬಂದರು, ಬೂಟು ಬಿಚ್ಚಿದರು, ಸ್ನಾನ ಮಾಡಿದರು. ಮಹಡಿಯಿಂದ ಬೊಬ್ಬಟ್ಟಿನ ವಾಸನೆ ಇಳಿದುಬಂತು. ಬೊಬ್ಬಟ್ಟು ಅಂದರೆ ನಮ್ಮ ಹೋಳಿಗೆಯೇ. ಅವರೇ ಬಟ್ಟಲಲ್ಲಿ ಯುಗಾದಿ ಪಚ್ಚಡಿ ಹಿಡಿದು ಇಳಿದು ಬಂದು ಅತ್ತೆಯ ಮುಂದೆ ಇಟ್ಟರು. ಬೇವಿನ ಹೂವು, ಬೆಲ್ಲ, ಹುಣಿಸೆ, ಮಾವಿನಕಾಯಿ, ಉಪ್ಪು, ಖಾರ ಎಲ್ಲ ಕಲಸಿದ್ದು. ಅತ್ತೆ ಒಂದು ಚಮಚ ಬಾಯಿಗಿಟ್ಟು ಮುಖ ಹಿಂಡಿದರು. “ಬೇವು ಬೆಲ್ಲ ಸಾಲದ? ಇದರಾಗ ಖಾರ ಯಾಕ?” ನಾನು ತೆಲುಗಿಗೆ ತಿರುಗಿಸಿದೆ. ಹೆಡ್ಡುಗಾರು, “ಅಮ್ಮಾ, ನೀವು ಮನೆಯಲ್ಲಿರೋರು, ಎರಡು ಸಾಕು. ನನಗೆ ಸ್ಟೇಷನ್ನಿನಲ್ಲಿ ಆರೂ ಬೇಕಾಗ್ತವೆ” ಎಂದರು. ಅತ್ತೆ ನಕ್ಕುಬಿಟ್ಟರು. ಆಮೇಲೆ ಕೇಳಿದರು, ಹಬ್ಬ ಹೀಗೆ ತಪ್ಪಿಸಿಕೊಂಡರೆ ಬೇಜಾರಿಲ್ಲವೇ ಎಂದು. “ಹಬ್ಬ ಎಲ್ಲಿಗೆ ಹೋಗತ್ತಮ್ಮಾ? ಬಾಗಿಲಲ್ಲಿ ಕೂತು ಕಾಯತ್ತೆ” ಅಂದರು. ಇದು ಅವರ ಖಾಯಂ ಮಾತು.

ಮುಂದಿನ ಹಬ್ಬಕ್ಕೆ ಅತ್ತೆ ಅರ್ಧ ಕಣಕ, ಅರ್ಧ ಹೂರಣ ಎತ್ತಿಟ್ಟರು. “ನಾಳಿ ಪೊಲೀಸಪ್ಪ ಬರ್ತಾನ, ತಂಗಳ ಕೊಡ್ಲಿಕ್ಕೆ ಬರ್ತದೇನು?” ಅದರ ಮುಂದಿನದಕ್ಕೆ ಮುಕ್ಕಾಲು ಪಾಲು ಎತ್ತಿಟ್ಟರು. ಹೀಗೆ ಹೀಗೆ, ಪಂಚಾಂಗ ಬಿಟ್ಟು ಹೆಜ್ಜೆ ಇಡದ ನಮ್ಮ ಅತ್ತೆಯ ಮನೆಯಲ್ಲೂ ಹಬ್ಬ ಒಂದು ದಿನ ಸರಿದುಹೋಯಿತು. ಹಬ್ಬದ ದಿನ ದೇವರಿಗಷ್ಟೇ ನೈವೇದ್ಯ, ಮರುದಿನ ಊಟ. ಕನ್ನಡದ ಮನೆಗಳವರೂ ತಮ್ಮ ಹಬ್ಬ ಮುಗಿಸಿಕೊಂಡು ಮರುದಿನ ನಮ್ಮಲ್ಲಿಗೆ ಬರುತ್ತಿದ್ದರು. ದೀಪಾವಳಿಯ ಮರುದಿನ ಪಟಾಕಿ ಅರ್ಧ ಬೆಲೆಗೆ ಸಿಗುತ್ತದೆ ಎಂಬ ಲಾಭ ಬೇರೆ. ಊರೆಲ್ಲ ಬೂದಿಯಾಗಿ ಮಲಗಿರುವಾಗ ನಮ್ಮ ಅಂಗಳದಲ್ಲಿ ಹೂಕುಂಡ ಉರಿಯುತ್ತಿತ್ತು. ನಾನು ನಲ್ಲಿ ಬಿಟ್ಟುಕೊಂಡು ಅಳುವುದು ಯಾವಾಗ ನಿಂತಿತೋ ನನಗೇ ಗೊತ್ತಾಗಲಿಲ್ಲ.

ಹೆಡ್ಡುಗಾರು ಬೈಗುಳದಲ್ಲಿ ಧಾರಾಳಿ. ಮಕ್ಕಳನ್ನಲ್ಲ, ಮುದುಕರನ್ನಲ್ಲ, ಓಡುವ ರೈಲು ಹತ್ತುವವರನ್ನು. ನಾವು ಊರಿಗೆ ಹೊರಟಾಗ ಪ್ಲಾಟ್‌ಫಾರ್ಮಿನಲ್ಲಿ ಅವರ ಆ ಅವತಾರ ಕಂಡಿದ್ದೇನೆ. ಬಾಗಿಲಿಗೆ ಜೋತುಬಿದ್ದ ಒಬ್ಬ ಠಾಕುಠೀಕು ಮನುಷ್ಯನನ್ನು ಅಂಗಿ ಹಿಡಿದು ಇಳಿಸಿ, “ಇನ್ನೊಂದು ರೈಲು ಬರತ್ತೆ ಸ್ವಾಮೀ, ಇನ್ನೊಂದು ಕಾಲು ಬರಲ್ಲ!” ಎಂದು ಕೂಗಾಡಿ, ಆಮೇಲೆ ಅವನಿಗೇ ಟೀ ಕೊಡಿಸಿ ಕೂರಿಸಿದ್ದರು. ಜನರ ಜೊತೆ ನಡೆಯುವಾಗ ಯಾವಾಗಲೂ ಹಳಿಯ ಕಡೆ ಅವರು, ಗೋಡೆಯ ಕಡೆ ಜನ. ಆ ಅಭ್ಯಾಸ ಎಷ್ಟು ಮೈಗೂಡಿತ್ತೆಂದರೆ ನಮ್ಮ ಬೀದಿಯಲ್ಲೂ ಚರಂಡಿಯ ಅಂಚಿಗೆ ತಾವು ನಡೆದು ನಮ್ಮನ್ನೆಲ್ಲ ಒಳಗೆ ತಳ್ಳುತ್ತಿದ್ದರು.

ಅವರ ಹೆಂಡತಿಯನ್ನು ನಾನು ವೈನಿ ಅನ್ನುತ್ತಿದ್ದೆ. ತೆಲುಗಿನವರು ಅಣ್ಣನ ಹೆಂಡತಿಗೆ ವದಿನ ಅನ್ನುತ್ತಾರೆ, ನಮ್ಮ ಧಾರವಾಡದ ವೈನಿಯೂ ಅದೇ. ವೈನಿ ಗೊಣಗಿದ್ದನ್ನು ನಾನು ಕೇಳಿಲ್ಲ. ಆದರೆ ಒಂದು ಸಲ ಬಟ್ಟೆ ಒಣಹಾಕುತ್ತ ಹೇಳಿದರು: “ಮರುದಿನದ ಹಬ್ಬ ಚೆನ್ನಾಗೇ ಇರತ್ತೆ, ಇಲ್ಲ ಅನ್ನಲ್ಲ. ಆದರೂ ಒಂದೇ ಒಂದು ಸಲ, ಊರವರೆಲ್ಲ ಕೂತು ತಿನ್ನೋ ಹೊತ್ತಿಗೆ ಇವರಿಗೂ ಎಲೆ ಹಾಕಿ ಬಿಸಿಬಿಸಿ ಬಡಿಸಬೇಕು ಅಂತ ಆಸೆ. ಮಗಳು ಮದುವೆಯಾಗಿ ಹೋಗೋದರೊಳಗೆ, ಮೂರು ಎಲೆ.” ಹೇಳಿ ಬಕೆಟ್ಟು ಎತ್ತಿಕೊಂಡು ಮೇಲೆ ಹೋದರು.

ನಾನು ಹೋಗಿ ಅತ್ತೆಗೆ ಹೇಳಿದೆ. ಅತ್ತೆಯದು ಕೇಳಿ ಸುಮ್ಮನಿರುವ ಜಾಯಮಾನವೇ? ಆ ಸಲದ ಗಣೇಶ ಚೌತಿಗೆ ಮುಂಚೆ ಇಳಕಲ್ ಸೀರೆ ಉಟ್ಟು, ಮಗನನ್ನು ಅನುವಾದಕ್ಕೆ ಎಳೆದುಕೊಂಡು, ರೈಲ್ವೆ ಪೊಲೀಸ್ ಠಾಣೆಗೇ ಹೋದರು. ಇನ್‌ಸ್ಪೆಕ್ಟರ ಮುಂದೆ ಕುರ್ಚಿ ಎಳೆದುಕೊಂಡು ಕೂತು, “ಕಳ್ಳರಿಗಾದ್ರೂ ಹಬ್ಬದ ದಿನ ಸೂಟಿ ಇರ್ತದ. ನಮ್ಮ ಪೊಲೀಸಪ್ಪ ಏನ ಪಾಪ ಮಾಡ್ಯಾನ?” ಎಂದರು. ನನ್ನ ಗಂಡ ಬೆವತು, ಅದನ್ನು ಮೆತ್ತಗೆ ಮಾಡಿ ತೆಲುಗಿನಲ್ಲಿ ಹೇಳಿದರಂತೆ. ಇನ್‌ಸ್ಪೆಕ್ಟರಿಗೆ ಮೂಲವೇ ಅರ್ಥವಾಗಿತ್ತೋ ಏನೋ, ಬಿದ್ದು ಬಿದ್ದು ನಕ್ಕು ರಜೆ ಕೊಟ್ಟರು.

ಚೌತಿಯ ದಿನ ಗಾಳಿ ಮಳೆ. ಮಹಡಿಯ ಮೇಲೆ ಮೂರು ಎಲೆ ಹಾಕಿ ಆಗಿತ್ತು. ಹೆಡ್ಡುಗಾರು ಪಂಚೆ ಉಟ್ಟು, ಹಬ್ಬದ ದಿನ ಮನೆಯಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದವರಂತೆ ಕೂತಿದ್ದರು. ನಾನೂ ಅತ್ತೆಯೂ ಕಡುಬು ಹಿಡಿದು ಮೇಲೆ ಹೋಗಿದ್ದೆವು. ವೈನಿ ಅನ್ನ ಬಡಿಸಿ ತುಪ್ಪದ ಗಿಂಡಿ ಎತ್ತಿದ್ದರು, ಅಷ್ಟರಲ್ಲಿ ಕಾನ್‌ಸ್ಟೇಬಲ್ ಒಬ್ಬ ಸೈಕಲ್ಲಿನಲ್ಲಿ ತೊಯ್ದು ತೊಪ್ಪೆಯಾಗಿ ಬಂದ. ಊರಾಚೆ ದುವ್ವಾಡ ಸ್ಟೇಷನ್ನಿನ ಹತ್ತಿರ ಹಳಿಯ ಮೇಲೆ ಮರ ಬಿದ್ದಿದೆ, ರೈಲುಗಳೆಲ್ಲ ನಿಂತಿವೆ, ಹಬ್ಬಕ್ಕೆ ಹೊರಟ ಜನ ಹಳಿಗಿಳಿದು ನಡೆಯುತ್ತಿದ್ದಾರೆ, ಮಕ್ಕಳು ಮುದುಕರು, ಇರುವ ಮಂದಿ ಸಾಲದು.

“ಉಂಡ ಹೋಗ್ಲಿ ತಡಿಯಪ್ಪಾ!” ಎಂದು ಅತ್ತೆ ಅವನ ಮೇಲೆ ರೇಗಿದರು.

ಹೆಡ್ಡುಗಾರು ಹೆಂಡತಿಯ ಮುಖ ನೋಡಿದರು. ವೈನಿ ಗಿಂಡಿ ಕೆಳಗಿಟ್ಟು, “ಹೋಗಿ ಬನ್ನಿ, ಮಕ್ಕಳು ಹಳಿಯ ಮೇಲಿದಾರಂತೆ” ಎಂದರು, ಅಷ್ಟೇ. ಹೆಡ್ಡುಗಾರು ಅತ್ತೆಯ ಕಾಲುಮುಟ್ಟಿ ನಮಸ್ಕಾರ ಮಾಡಿ ಹೋದರು. ಎಲೆಯ ಮೇಲೆ ಇನ್ನೊಂದು ಎಲೆ ಮುಚ್ಚಿ ವೈನಿ ಅಡುಗೆಮನೆಗೆ ಹೋದರು. ಅಲ್ಲಿ ಅವರು ಅತ್ತಿದ್ದು ನನಗೆ ಕೇಳಿಸಿತು. ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಿಲ್ಲ. ಮರಕ್ಕೆ ಬೀಳಲು ಬೇರೆ ದಿನ ಸಿಗಲಿಲ್ಲವೇ ಅಂತ ಆ ಹಾಳು ಮರದ ಮೇಲೇ ಇರಬೇಕು.

ಮರುದಿನ ಬಂದ ಹೆಡ್ಡುಗಾರು ಎರಡು ಪಾಲು ಉಂಡರು. ಹಳಿಯ ಮೇಲಿಂದ ಎಷ್ಟೋ ಮಕ್ಕಳನ್ನು ಹೆಗಲಮೇಲೆ ಹೊತ್ತು ದಾಟಿಸಿದ್ದರಂತೆ. ಅದನ್ನು ಹೇಳಿದವನು ಆ ಕಾನ್‌ಸ್ಟೇಬಲ್. ಇವರು ಹೇಳಿದ್ದು, “ಕಡುಬು ಅದ್ಭುತ!”

ನಮಗೆ ವಿಜಯವಾಡಕ್ಕೆ ವರ್ಗವಾಯಿತು. ವಿಶಾಖಪಟ್ಟಣ ಬಿಡುವಾಗ ಅತ್ತೆ ಮೊದಲ ಸಲ ಅತ್ತರು. ಒಂದೆರಡು ವರ್ಷಕ್ಕೆ ಹೆಡ್ಡುಗಾರಿಗೂ ಅಲ್ಲಿಗೇ ವರ್ಗ. ಎಎಸ್‌ಐ ಆಗಿ ಬಂದಿದ್ದರು, ಆದರೂ ನಮಗೆ ಹೆಡ್ಡುಗಾರೇ. ಅಲ್ಲಿನ ಪಟಮಟ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯನ್ನೇ ಹಿಡಿದುಕೊಟ್ಟೆವು. ಅಷ್ಟರಲ್ಲಿ ಅವರಿಗೆ ಅತ್ತೆಯ ಕನ್ನಡ ಸಾಕಷ್ಟು ಅಂಟಿತ್ತು. ಬೆಳಿಗ್ಗೆ ಆರಕ್ಕೆ ಸಿಕ್ಕರೂ “ಉಂಡ್ರೇನ್ರೀ?” ಎನ್ನುವರು. ವಿಜಯವಾಡದ ಬಿಸಿಲಿಗೆ ಮುಖ ಇನ್ನಷ್ಟು ಕಪ್ಪಾಯಿತು. ಮರುದಿನದ ಹಬ್ಬಗಳು ಮತ್ತೆ ಶುರುವಾದವು. ಆ ವರ್ಷಗಳನ್ನು ನೆನೆದರೆ ಈಗಲೂ ಹೊಟ್ಟೆ ತುಂಬಿದಂತಾಗುತ್ತದೆ. ರಿಟೈರ್ ಆಗಲು ಸ್ವಲ್ಪವೇ ಉಳಿದಿತ್ತು. “ಇನ್ನೇನು, ಮುಂದಿನ ಹಬ್ಬಗಳೆಲ್ಲ ನಿನ್ನವೇ, ಬೇಸರ ಬರೋವರೆಗೆ ಬಡಿಸು” ಎಂದು ವೈನಿಯನ್ನು ಕಿಚಾಯಿಸುತ್ತಿದ್ದರು.

ಹಬ್ಬದ ನೂಕುನುಗ್ಗಲಿನ ದಿನಗಳಲ್ಲಿ ನಾವೆಲ್ಲ ಒಳಗೊಳಗೇ ಹೆದರುತ್ತಿದ್ದೆವು. ಅದು ಆದದ್ದು ಏನೂ ಇಲ್ಲದ ಒಂದು ಮಂಗಳವಾರ, ಮಟಮಟ ಮಧ್ಯಾಹ್ನ. ಬಾಟಲಿಗೆ ನೀರು ಹಿಡಿಯಲು ಪ್ಲಾಟ್‌ಫಾರ್ಮಿಗೆ ಇಳಿದ ಒಬ್ಬ ಎಳೆಯ ಹೆಂಗಸು, ರೈಲು ಹೊರಟಿತೆಂದು ಓಡಿ ಹಿಡಿಕೆಗೆ ಕೈ ಹಾಕಿದಳು. ಕಾಲು ಜಾರಿತು. ಹೆಡ್ಡುಗಾರು ಓಡಿದರು. ಅವಳನ್ನು ತೋಳು ಹಿಡಿದು ಎಳೆದು ಗೋಡೆಯ ಕಡೆಗೆ ಎಸೆದರು. ಆ ಎಸೆತದ ಭರಕ್ಕೆ ತಾವು ಹಳಿಯ ಕಡೆ ಬಿದ್ದರು. ಅವಳಿಗೆ ಕೈ ಮುರಿಯಿತು, ಜೀವ ಉಳಿಯಿತು. ಇವರು ಆಸ್ಪತ್ರೆಯವರೆಗೂ ಹೋಗಲಿಲ್ಲ.

ಪೊಲೀಸ್ ಮರ್ಯಾದೆಯಿಂದ ಕಳಿಸಿಕೊಟ್ಟರು. ಗುಂಡು ಹಾರಿಸಿದಾಗ ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದಿದ್ದರು. ದೊಡ್ಡ ದೊಡ್ಡ ಅಧಿಕಾರಿಗಳು ದೊಡ್ಡ ದೊಡ್ಡ ಮಾತಾಡಿದರು. ಎಲ್ಲ ನಿಜವೇ. ಆದರೆ ನನ್ನ ಋಣ ಬೇರೆ ತರದ್ದು. ಯಾರೂ ಇಲ್ಲದ ಊರಿನಲ್ಲಿ ನಾವು ಮೂರು ಜನ ಬಾಗಿಲು ಹಾಕಿಕೊಂಡು ಹಬ್ಬ ಮಾಡಿ ಮುಗಿಸುತ್ತಿದ್ದೆವು. ನಾವೂ ಒಬ್ಬರ ದಾರಿ ಕಾಯುವಂತೆ ಮಾಡಿದವರು ಅವರು. ಬರುವವರಿಗಾಗಿ ಕಾಯುವ ಮನೆ ಪರವೂರಿನಲ್ಲೂ ಸ್ವಂತ ಮನೆಯೇ.

ಆ ವರ್ಷ ಅವರಲ್ಲಿ ಹಬ್ಬವಿಲ್ಲ, ನಾವೂ ಮಾಡಲಿಲ್ಲ. ವರ್ಷ ಕಳೆದು ಯುಗಾದಿ ಬಂದಾಗ ವೈನಿ, “ಈ ಸಲ ಹಬ್ಬದ ದಿನವೇ ಮಾಡಿಬಿಡೋಣ. ಇನ್ನು ಯಾರಿಗೆ ಅಂತ ಕಾಯೋದು?” ಎಂದರು. ಅತ್ತೆ ಎದ್ದು ಹೂರಣಕ್ಕೆ ಕಡಲೆಬೇಳೆ ಅಳೆಯಲು ಹೋದರು.

ಯುಗಾದಿಯ ದಿನ ವೈನಿಯ ಮನೆಯಲ್ಲಿ ಬೊಬ್ಬಟ್ಟು ಬೇಯುತ್ತಿತ್ತು. ಮಗಳು ಎಲೆ ತೊಳೆಯುತ್ತಿದ್ದಳು. ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಜೊತೆಗೆ ಗಂಡ, ಅವನ ಕೈಯಲ್ಲಿ ಮಾವಿನಕಾಯಿಯ ಚೀಲ. ಯಾರು ಏನು ಅಂತ ಹೇಳುವ ಮೊದಲೇ, ಅವಳ ಸೊಟ್ಟಗೆ ಕೂಡಿದ್ದ ಬಲಗೈ ನೋಡಿ ನನಗೆ ತಿಳಿಯಿತು. ಇವತ್ತೇ ಬರಬೇಕಿತ್ತೇ ಇವಳು?

“ಅಮ್ಮಾ, ಹೋದ ವರ್ಷವೇ ಬರಬೇಕಿತ್ತು, ಧೈರ್ಯ ಸಾಲಲಿಲ್ಲ. ಇವತ್ತು ಮನೆಯಲ್ಲಿ ಒಲೆ ಹಚ್ಚೋಕೆ ಕೈ ಬರಲಿಲ್ಲ. ಅವರ ಫೋಟೋಗೆ ಕೈಮುಗಿದು ಹೋಗ್ತೀನಿ” ಎಂದಳು.

ವೈನಿ ಒಲೆ ಸಣ್ಣದು ಮಾಡಿ, ಕೈ ಒರೆಸಿಕೊಂಡು ಎದ್ದರು. ಆಮೇಲೆ ಹತ್ತಿರ ಹೋಗಿ ಆ ಕೈಯನ್ನು ಹಿಡಿದು ಮಡಿಸಿ, ಬಿಡಿಸಿ ನೋಡಿ, “ನೋವು ಇದೆಯಾ ಇನ್ನೂ?” ಎಂದು ಕೇಳಿದರು.

ಹುಡುಗಿ ಗೊಳೋ ಎಂದು ಅತ್ತಳು. ವೈನಿ ಅವಳ ಭುಜ ಹಿಡಿದು ಒಳಗೆ ಕರೆತಂದು, ತಮ್ಮ ಎಲೆಗೂ ಮಗಳ ಎಲೆಗೂ ನಡುವೆ ಮೂರನೆಯ ಎಲೆ ಹಾಕಿ ಕೂರಿಸಿದರು. ಗಂಡನಿಗೆ ಅತ್ತೆ ಇನ್ನೊಂದು ಎಲೆ ಹಾಕಿದರು. ಹೆಂಚಿನಿಂದ ಆಗತಾನೆ ತೆಗೆದ ಬೊಬ್ಬಟ್ಟು ಬಡಿಸಿ ವೈನಿ ಧಾರೆಯಾಗಿ ತುಪ್ಪ ಸುರಿದರು.

“ಅಳೋದು ಆಮೇಲೆ ಇದ್ದೇ ಇದೆ. ಮೊದಲು ಇದನ್ನ ಬಿಸಿ ಇರುವಾಗಲೇ ತಿನ್ನು ತಾಯೀ” ಎಂದರು. “ಹಬ್ಬದ ದಿನ ಬಿಸಿಯಾಗಿ ಬಡಿಸಬೇಕು ಅಂತ ಎಷ್ಟು ವರ್ಷದಿಂದ ಕಾದಿದ್ದೀನಿ, ನಿನಗೆ ಗೊತ್ತಿಲ್ಲ.”

ಅವಳು ಎಡಗೈಯಿಂದ ಕಣ್ಣೊರೆಸಿಕೊಂಡು, ಸೊಟ್ಟಗಾದ ಬಲಗೈಯಿಂದ ಮುರಿದು ಒಂದು ತುತ್ತು ಬಾಯಿಗಿಟ್ಟಳು. ವೈನಿ ಎದುರಿಗೇ ಕೂತು ಅವಳು ಅಗಿಯುವುದನ್ನು ನೋಡುತ್ತ, ಅದು ಮುಗಿಯುವ ಮೊದಲೇ ಇನ್ನೊಂದು ಹಾಕಿದರು.